ಇಪ್ಪತ್ತೈದನೇ ಗುಂಡಿ

ಮೇಸ್ತ್ರಿ ಎಣಿಸಿ ಕೊಟ್ಟಿದ್ದು ಇಪ್ಪತ್ತೈದು.
ಬಟ್ಟಲಲ್ಲಿ ಇಪ್ಪತ್ತನಾಲ್ಕು.
ಜೀನ್ಸಿನ ರಾಶಿ ಮೇಲೆ ಎರ್ರಿಸ್ವಾಮಿ,
ಒಂದೂವರೆ ವರ್ಷ, ಮೊಣಕಾಲೆಲ್ಲ ನೀಲಿ,
ತುಟಿ ಬಿಗಿಹಿಡಿದು ನಗ್ತಿದ್ದ.

"ಆ ಅನ್ನು" ಅಂದೆ.
ಆರು ಹಲ್ಲು, ನಾಲಿಗೆ ಕೆಳಗೊಂದು ದಾರದ ತುಂಡು,
ಅಷ್ಟೇ.

ಕೌಲ್ ಬಜಾರಿನಿಂದ ಆಟೋ ಹತ್ತಿದರೆ
ರೈಲ್ವೆ ಗೇಟು ಬಿದ್ದಿತ್ತು.
ಅದಿರು ಹೊತ್ತ ಗೂಡ್ಸು, ಐವತ್ತೆಂಟು ಡಬ್ಬಿ.
ನಾನು ಅಳುತ್ತಾ ಎಣಿಸಿದೆ,
ಅವನು ಒಂದೊಂದಕ್ಕೂ ಟಾಟಾ ಮಾಡಿದ.

ಡಾಕ್ಟರು ಫೋಟೋ ತೆಗೆಸಿ ಬೆಳಕಿಗೆ ಹಿಡಿದರು:
ಕರೀ ಹೊಟ್ಟೆಯೊಳಗೆ ಹುಣ್ಣಿಮೆಯಂಗೆ
ನಮ್ಮ ಗುಂಡಿ!
"ಬಾಳೆಹಣ್ಣು ತಿನ್ನಿಸ್ರಿ, ಕಾಯ್ರಿ."

ಕಾದೆವು.
ನನ್ನ ಗಂಡ ಮೂಗಿಗೆ ಟವೆಲ್ಲು ಕಟ್ಟಿ
ಬೇವಿನ ಕಡ್ಡಿ ಹಿಡಿದು ಕೆದಕುತ್ತಿದ್ದ,
ಹಟ್ಟಿ ಗಣಿಯಲ್ಲಿ ಚಿನ್ನ ಹುಡುಕುವವನಂಗೆ.
ಅತ್ತೆ ಎರ್ರಿತಾತನಿಗೆ ತೆಂಗಿನಕಾಯಿ ಹರಕೆ ಹೊತ್ತಳು.
ಗೋಡೆಯಾಚೆಯಿಂದ ಮಹಬೂಬಿ
ಹೊತ್ತಿಗೊಮ್ಮೆ: "ಬಂತೇನೇ?"

ನಾಲ್ಕನೇ ಬೆಳಿಗ್ಗೆ ತಗಡಿನ ಡಬ್ಬಿಯಲ್ಲಿ
ಟಣ್!
ಅವನೇ ಬೆಚ್ಚಿ ಹಿಂದೆ ತಿರುಗಿ ನೋಡಿದ.
ನಾನು ಕುಣಿದೆ. ಯಾಕಂತ ಗೊತ್ತಿಲ್ಲದೆ
ಅವನೂ ಕುಣಿದ, ಚಡ್ಡಿಯಿಲ್ಲದೆ.
"ಬಂತು!" ಅಂತ ಕೂಗಿದೆ, ಓಣಿಗೆಲ್ಲ ಕೇಳುವಂಗೆ.

ಮೂರು ಸಲ ತೊಳೆದೆ.
ಅಷ್ಟರಲ್ಲಿ ಮೇಸ್ತ್ರಿ ಅದರ ದುಡ್ಡು ಮುರಕೊಂಡಿದ್ದ,
ಹಂಗಾಗಿ ಈಗ ಅದು ನಮ್ಮದು.
ಮೇಲಿನ ಗೂಡಿನಲ್ಲಿಟ್ಟೀನಿ, ಕುಂಕುಮದ ಭರಣಿ ಪಕ್ಕ,
ಅವನ ಕೈಗೆ ಎಟಕದಂಗೆ.

ಎಟಕಲ್ಲ ಅಂತ ನಂಬೀನಿ.
ನಿನ್ನೆಯಿಂದ ಅವನು
ಸ್ಟೂಲು ತಳ್ಳೋದು ಕಲಿತಾನೆ.