ಆರನೆಯ ಸುತ್ತು

ಬಂಗಾಳ ಕೊಲ್ಲಿಯಲ್ಲಿ ಮೂರು ದಿನದಿಂದ ಯಾವುದೋ ಸುಳಿಗಾಳಿ;
ಅದರ ಸೆರಗಿನ ಹನಿ ಪುಷ್ಯದ ಬೀದರಿಗೂ ಬಿತ್ತು.
ಮುಂಜಾನೆ ಏಳಕ್ಕೆ, ಬೆರಳು ಬ್ರೇಕಿನ ಮೇಲೆ ಇವೆಯೋ ಇಲ್ಲವೋ
ನೋಡಿಯೇ ತಿಳಿಯಬೇಕು, ಅಂಥ ಥಂಡಿ.
ಎಂಟು ತಾಸು. ಸುತ್ತಿಗೆ ಹನ್ನೊಂದು ಕಿಲೋಮೀಟರು.
ಎಷ್ಟಾದರೆ ಅಷ್ಟು, ಅಂದರು ಗುಂಡೇರಾವ್ ಮಾಸ್ತರರು,
ಕೊಡೆಯ ಕೆಳಗೆ ರಿಜಿಸ್ಟರು ಬಿಚ್ಚಿ.
ನನ್ನ ಹೆಸರಿನ ಮುಂದೆ ವಯಸ್ಸು ಬರೆಯುವಾಗ ತುಸು ತಡೆದರು.
ನಲವತ್ಮೂರು, ಬರೀರಿ, ಅಂದೆ.

ಮೇಲೆ ಕೆಂಪು, ಕೆಳಗೆ ಕಪ್ಪು: ನಮ್ಮೂರಿನ ನೆಲದ ಗುಣ.
ಮೇಲಿನ ಮುರುಮ್ ಒಳ್ಳೆಯದು, ನೀರು ಕುಡಿದು ಸುಮ್ಮನಿರುತ್ತದೆ,
ಚಕ್ರ ಹೋದಲ್ಲಿ ಒಂದು ಗೆರೆ, ಅಷ್ಟೆ.
ದಿಬ್ಬದ ಅಂಚು ಇಳಿದರೆ ಎರಿ.
ಅಲ್ಲಿ ಮಣ್ಣು ಮಾತಾಡಿಸದೆ ಬಿಡುವುದಿಲ್ಲ.
ಮೊದಲು ಟೈರಿಗೆ, ಆಮೇಲೆ ಫೋರ್ಕಿಗೆ, ಆಮೇಲೆ ಚೈನಿಗೆ,
ಮದುವೆಗೆ ಬಂದ ದೂರದ ನೆಂಟರಂತೆ
ಒಬ್ಬರ ಹಿಂದೊಬ್ಬರು ಬಂದು ಕೂತು
ಚಕ್ರ ತಿರುಗುವುದೇ ನಿಂತಿತು.

ಹದಿನಾಲ್ಕು ಕಿಲೋದ ಸೈಕಲ್ಲು ಮೂವತ್ತಾಯಿತು.
ಹೆಗಲಿಗೇರಿಸಿದೆ.
ಕಡ್ಲಿ ಹೊಲದ ಬದುವಿನಲ್ಲಿ ಗೋಣಿಚೀಲ ಹೊದ್ದು ನಿಂತವಳು ಕೇಳಿದಳು:
"ಯಕ್ಕಾ, ಸೈಕಲ್ ನಿನಗ ಒಯ್ಲತದೋ, ನೀ ಸೈಕಲಿಗ ಒಯ್ಲತಿಯೋ?"
ಉತ್ತರ ಹೊಳೆಯಲಿಲ್ಲ. ಅವಳೇ ನಕ್ಕು
ಒಂದು ತೊಗರಿ ಕಟ್ಟಿಗೆ ಮುರಿದು ಕೈಗಿತ್ತಳು.
ನನ್ನ ಚೀಲದಲ್ಲಿದ್ದ ಯಾವ ಹತ್ಯಾರಕ್ಕಿಂತ
ಅದು ಚೆನ್ನಾಗಿ ಕೆರೆಯಿತು.

ನಾನು ಸರ್ಕಾರಿ ದವಾಖಾನೆಯ ಎಕ್ಸ್‌ರೇ ಕೋಣೆಯವಳು.
ದಿನಕ್ಕೆ ಅರವತ್ತು ಸಲ ಹೇಳುತ್ತೇನೆ:
ಅಲಗಾಡಬ್ಯಾಡ್ರಿ. ಉಸಿರು ಹಿಡೀರಿ. ಬಿಡ್ರಿ.
ಸೀಸದ ಗಾಜಿನ ಆಚೆ ನಿಂತು ಹೇಳುವುದು ಸಲೀಸು.
ಮೂರನೆಯ ಸುತ್ತಿನಲ್ಲಿ ಜಾರಿ, ಮೊಣಕೈ ಕೆಳಗಾಗಿ ಬಿದ್ದಾಗ
ಒಳಗಿನ ಎರಡೂ ಎಲುಬು ಕಣ್ಣಿಗೆ ಕಟ್ಟಿದವು,
ಬೆಳ್ಳಗೆ, ಹೆಸರು ಸಮೇತ.
ಬೆರಳು ಮಡಚಿ ನೋಡಿದೆ. ಮಡಚಿದವು.
ಬಿಡ್ರಿ, ಅಂದೆ ನನಗೇ.

ನಾಲ್ಕನೆಯದರಲ್ಲಿ ಹರ್ಜಿಂದರ್ ಸಿಕ್ಕ, ಇಂಜಿನಿಯರಿಂಗ್ ಹುಡುಗ.
ಲಕ್ಷದ ಸೈಕಲ್ಲು, ಗೇರಿನ ತೋಳು ಮುರಿದು ಜೋತಾಡುತ್ತಿತ್ತು.
ನೀಲಿ ಪೇಟದ ಮೇಲೆ ಕೆಸರಿನ ಚಿಕ್ಕೆ, ಯಾರೋ ಎಣಿಸಿ ಇಟ್ಟ ಹಾಗೆ.
ಸುಲಗಾಯಿ ತಿನ್ನುತ್ತ ಬದುವಿನ ಮೇಲೆ ಕೂತಿದ್ದ.
"ನಾ ಬಿಟ್ಟೆ ಆಂಟಿ. ನೀವ್ ಹೋಗ್ರಿ."
ಒಂದು ಹಿಡಿ ನನ್ನ ಜೇಬಿಗೂ ತುಂಬಿದ;
ಅದರ ಹುಳಿ ತುಟಿಯ ಬಿರುಕಿಗೆ ತಾಗಿ ಉರಿಯಿತು.
ಅವನನ್ನು ದಾಟಿದ ಖುಷಿ ಇರಬಾರದಿತ್ತು.
ಇತ್ತು.

ಐದು ಮುಗಿದಾಗ ಎರಡೂವರೆ. ಮೂರಕ್ಕೆ ಗಂಟೆ.
ಅರ್ಧ ತಾಸಿನಲ್ಲಿ ಇನ್ನೊಂದು ಆಗದು;
ನನಗೂ ಗೊತ್ತು, ಮಾಸ್ತರರಿಗೂ ಗೊತ್ತು.
"ಸಾಕು ಮಹಾನಂದಾ, ಚಾ ಕುಡಿ ಬಾ.
ಹೋದ್ರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಸಣ್ಣವಳಿದ್ದಾಗ ಅಣ್ಣಂದಿರ ಆಟದಲ್ಲಿ ನನ್ನ ಹುದ್ದೆ ಅದೇ:
ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ.
ಆಗ ಅತ್ತಿದ್ದೆ.
ಈಗ ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು
ಹ್ಯಾಂಡಲ್ಲು ತಿರುಗಿಸಿದೆ.

ಲೆಕ್ಕಕ್ಕಿಲ್ಲದ ಸುತ್ತಿನಲ್ಲಿ ಮಳೆ ನಿಂತಿತ್ತು.
ಹಿಂದೆ ಯಾರೂ ಇಲ್ಲ, ಮುಂದೆಯೂ ಇಲ್ಲ.
ಜೋಳದೊಳಗೆ ಹಕ್ಕಿಗಳು ಮೈ ಕೊಡವುವ ಸದ್ದು.
ಎರಿಯಲ್ಲಿ ಎಲ್ಲರ ಹೆಜ್ಜೆ, ನೂರಾರು, ನೀರು ತುಂಬಿಕೊಂಡು;
ನನ್ನವು ಯಾವುವು ಅಂತ ಹುಡುಕಲಿಲ್ಲ.
ಕೆಲವು ಕಡೆ ತುಳಿದೆ, ಬಹಳ ಕಡೆ ಹೊತ್ತೆ.
ತೊಗರಿ ಕಟ್ಟಿಗೆ ಮುರಿದ ಮೇಲೆ ಉಗುರಿನಿಂದ ಕೆರೆದೆ.

ಬಂದಾಗ ಬ್ಯಾನರು ಇಳಿಸಿ ಸುತ್ತುತ್ತಿದ್ದರು.
ಚಾ ಆರಿತ್ತು, ಕುಡಿದೆ.

ಮರುದಿನ ಅಂಗಳದಲ್ಲಿ ಸೈಕಲ್ಲು ತೊಳೆದರೆ
ಮೋರಿ ಕಟ್ಟಿತು.
ಬಾಜೂ ಮನೆಯ ಖೈರುನ್‌ಬಿ ಸೊಂಟದ ಮೇಲೆ ಕೈಯಿಟ್ಟು
"ಇದೇನ್ ಬಾಯಿ, ಹೊಲಾನೇ ಮನೀಗಿ ತಂದೀರಿ?"
ಇಬ್ಬರೂ ಸೇರಿ ಸಲಾಕೆ ಹಾಕಿ ತಿವಿದೆವು.
ಮೊದಲು ಕೆಂಪು ಹರಿಯಿತು.
ಕಪ್ಪು ಇನ್ನೂ ಕೂತೇ ಇತ್ತು.