ಕಳಚುವ ಕೈ

ಯಾವುದೋ ದೇಶದ ಅಧ್ಯಕ್ಷ ಮುನಿರಾಬಾದಿಗೆ ಬರುತ್ತಾನಂತೆ,
ಡ್ಯಾಮು ನೋಡಲಿಕ್ಕೆ.
ಅವನ ಕೈಗೆ ಅವನದೇ ಗೊಂಬೆ ಕೊಡಬೇಕಂತೆ.
ಹದಿನೈದು ರೂಪಾಯಿ ಮುಂಗಡ, ಪೇಪರಿನದೊಂದು ತುಣುಕು ಕೊಟ್ಟು
ಸಾಹೇಬರ ಜೀಪು ಕಿನ್ನಾಳದ ಓಣಿಯಲ್ಲಿ
ಹಿಂದಕ್ಕೆ ಹಿಂದಕ್ಕೆ ಸರಿದು
ಕೊಪ್ಪಳದ ದಾರಿ ಹಿಡಿಯಿತು.
ನನಗಾಗ ಏಳು ವರ್ಷ.
ಹುಣಸೆಬೀಜ ಕುಟ್ಟುವುದು ನನ್ನ ಪಾಲಿನ ಕೆಲಸ.

ನಮ್ಮಜ್ಜ ದ್ಯಾವಪ್ಪ ಅಲ್ಲಿಯವರೆಗೆ ಮಾಡಿದ್ದು
ಗರುಡ, ಗಿಣಿ, ಗೌರಿಯ ಮೊಗ, ತೊಟ್ಟಿಲ ಹಲಗೆ.
ಕೋಟು ತೊಟ್ಟವರನ್ನು ಮಾಡಿದವನಲ್ಲ.
ಆ ದೇಶದ ಹೆಸರು ಅವನ ನಾಲಿಗೆ ಹತ್ತಲಿಲ್ಲ.
'ಆ ಊರು' ಅಂದ. ಸಾಯುವತನಕ ಹಾಗೇ ಅಂದ.

ಪೇಪರು ಓದಿ ಹೇಳುತ್ತಿದ್ದವರು ಪರ್ವತಯ್ಯ ಮಾಸ್ತರು:
ದನ ಕಾಯುವವನ ಮಗ. ಪಾದ್ರಿಗಳ ಶಾಲೆ.
ಅಂಚೆಕಚೇರಿಯಲ್ಲಿ ಮುದ್ರೆ ಒತ್ತುವ ನೌಕರಿ,
ಬಿಳಿಯರ ರಾಣಿಯ ಮುಖದ ಮೇಲೆ
ದಿನಕ್ಕೆ ಸಾವಿರ ಸಲ ಧಪ್, ಧಪ್.
ಆಮೇಲೆ ಆರು ವರ್ಷ ಜೈಲು. ಅಲ್ಲಿ ಕಲಿತದ್ದು ಚಪ್ಪಲಿ ಹೊಲಿಯುವುದು.
ಬಾವುಟ ಬದಲಾದ ರಾತ್ರಿ
ತಾನೇ ಹೊಲಿದ ಚಪ್ಪಲಿಯಲ್ಲಿ ವೇದಿಕೆ ಹತ್ತಿದ.

ಅಜ್ಜ ಕೇಳಿದ್ದು ಒಂದೇ:
"ಉಂಗುಟದ್ದೇನ್ರಿ ಮಾಸ್ತರ, ಪಟ್ಟಿದ್ದೋ?"

ಬಣ್ಣಕ್ಕೆ ಮೂರು ದಿನ ಹಿಡಿಯಿತು.
ದೀಪದ ಕಾಡಿಗೆ ಸತ್ತಂತೆ ಕಂಡಿತು.
ಚೂರು ಕೆಮ್ಮಣ್ಣು ಬೆರೆಸಿದ, ಚೂರು ನೀಲಿ,
ನನ್ನನ್ನು ಎರಿಹೊಲದ ಬದುವಿಗೆ ಕರೆದೊಯ್ದು
ಮಳೆ ಬಿದ್ದ ಮರುದಿನದ ಮಣ್ಣು ತೋರಿಸಿ
"ಈ ಬಣ್ಣ, ನೋಡು" ಅಂದ.
ಮುಂದಿನ ಹಲ್ಲುಗಳ ನಡುವಿನ ಸಂದಿ ಹಾಗೇ ಬಿಟ್ಟ.

ತೊಡಕಾದದ್ದು ಬಲಗೈ.
ಪೇಪರಿನ ಮಸಿ ಹರಡಿತ್ತು. ಎತ್ತಿದ ಕೈ
ಅಂಗೈಯೋ ಮುಷ್ಟಿಯೋ ತಿಳಿಯದು.
ಮಾಸ್ತರು ಭೂತಗನ್ನಡಿ ತಂದರು. ಬರೀ ಚುಕ್ಕಿಗಳು.
ಅಜ್ಜ ಎರಡನ್ನೂ ಕೆತ್ತಿದ,
ಮಣಿಕಟ್ಟಿಗೊಂದು ತೂತು, ಬೇಕಾದ್ದು ಸಿಕ್ಕಿಸಲು ಬೆಣೆ.
ಬಂದಾಗ ಅವನನ್ನೇ ಕೇಳಿದರಾಯಿತು.

ಅವನು ಬರಲಿಲ್ಲ.
ಗೊಂಬೆ ಗೂಡಿನಲ್ಲಿ ಅಂಗೈ ತೆರೆದು ನಿಂತಿತು,
ಪಕ್ಕದ ಗಿಣಿಗೆ ಕಾಳು ಕೊಡುವವನ ಹಾಗೆ.

ಮರುವರ್ಷ ಮಾಸ್ತರು ಓದಿದರು:
ಜೈಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನನ್ನು
ಅದೇ ಜೈಲಿಗೆ ಕಳಿಸಿದನಂತೆ.
ಆಮೇಲೆ, ಉಸಿರಿರುವವರೆಗೆ ತಾನೇ ಅಧ್ಯಕ್ಷನಂತೆ.
ಅಜ್ಜ ಬೀಡಿ ಆರಿಸಿ ಎದ್ದ.
ಅಂಗೈ ಕಿತ್ತ, ಮುಷ್ಟಿ ಸಿಕ್ಕಿಸಿದ.
ಮುಖದ ನಗೆ ಮಾತ್ರ ಅದೇ. ಅದಕ್ಕೆ ಬೆಣೆ ಇಟ್ಟಿರಲಿಲ್ಲ.

ಎಪ್ಪತ್ತೈದರ ಮಳೆಗಾಲ.
ಪರ್ವತಯ್ಯ ಮಾಸ್ತರನ್ನು ಪೊಲೀಸರು ಬಳ್ಳಾರಿ ಜೈಲಿಗೆ ಒಯ್ದರು.
ಪೇಪರು ಬಂತು, ಓದುವವರಿಲ್ಲ.
ನಾನು ಓದುತ್ತೇನೆಂದೆ. ಬೇಡ ಅಂದ.
ಬಹಳ ಹೊತ್ತು ಗೂಡಿನ ಕಡೆ ನೋಡಿ
"ನಾನೇನೋ ದೂರದ ಊರಂತ ತಿಳಿದಿದ್ದೆ" ಅಂದ.

ಮಾಸ್ತರು ಹಲ್ಲು ಕಳಕೊಂಡು ಮರಳಿ ಬಂದು
ಮೊದಲು ಓದಿದ್ದು ಒಳಪುಟದ ನಾಲ್ಕು ಸಾಲು:
ಸೈನಿಕರು ಆಳುತ್ತಿದ್ದಾರೆ. ಅವನು ಇನ್ನಾವುದೋ ದೇಶದ
ಬಾಡಿಗೆ ಕೋಣೆಯಲ್ಲಿ ಸತ್ತಿದ್ದಾನೆ.
ಮಂಚದ ಕೆಳಗೆ ಹೊಲಿಯುವ ದಬ್ಬಳ ಇತ್ತೋ ಇಲ್ಲವೋ
ಪೇಪರಿನವರು ಬರೆದಿರಲಿಲ್ಲ.
ಅಜ್ಜ ಮುಷ್ಟಿಯನ್ನೂ ಕಿತ್ತುಬಿಟ್ಟ.

ಅದು ಅಜ್ಜಿಯ ಎಣ್ಣೆಬಾಟಲಿಗೆ ಬಿರಡೆಯಾಗಿ
ಎಷ್ಟೋ ವರ್ಷ ಇತ್ತು.
ಅಂಗೈ ಎಲ್ಲಿ ಹೋಯಿತೋ.
ಗೊಂಬೆ ಈಗಲೂ ನನ್ನ ಅಂಗಡಿಯಲ್ಲಿದೆ, ಮಾರುವುದಿಲ್ಲ.
ಗಿರಾಕಿಗಳು ಯಾರಿವ, ಕೈ ಯಾಕಿಲ್ಲ ಎಂದರೆ
ಅಂಚೆಯವನು ಅನ್ನುತ್ತೇನೆ.
ಮೊಮ್ಮಗ ಆ ತೂತಿನಲ್ಲಿ ಒಮ್ಮೆ ಪೆನ್ಸಿಲು ಸಿಕ್ಕಿಸುತ್ತಾನೆ,
ಒಮ್ಮೆ ಬೇವಿನ ಕಡ್ಡಿ.
ನಿನ್ನೆ ಏನೂ ಸಿಕ್ಕಿಸಲಿಲ್ಲ, ಬೆರಳಿಟ್ಟು
"ಒಳಗೆ ಬೆಚ್ಚಗಿದೆ" ಅಂದ.
ನಾನು ಬಿಸಿಲಿಗಿರಬೇಕು ಅಂದೆ.