ಮೂರನೇ ತೂತು

ಎರಡು ತೂತು ನೀಟಾಗಿ ಬಿದ್ದವು.
ಮೂರನೇದು ಅರ್ಧಕ್ಕ ಬಂದಾಗ ಮಶೀನು
ಒಂದು ಉಸಿರು ಬಿಟ್ಟು ನಿಂತಬಿಡ್ತು,
ಏರಿನ್ಯಾಗ ಡೀಸೆಲ್ ಮುಗಿದ ಗಾಡಿ ಹಾಂಗ.
ಸೂಜಿ ಗ್ವಾಡ್ಯಾಗ ಸಿಕ್ಕೊಂಡದ, ಹಿಂದಕ್ಕ ಬರವಲ್ದು.
ಅದನ್ನ ಅಲ್ಲೇ ಬಿಟ್ಟು
ಮಶೀನಷ್ಟೇ ಬಿಡಿಸಿಕೊಂಡೆ.
ಮೂರು ದಿನ ಅದಕ್ಕ ಟಾವೆಲ್ ಹಾಕಿದೆ.

ಇಪ್ಪತ್ತೆರಡು ವರ್ಷ ಬಸ್ಸಿನ್ಯಾಗ
ತಲಿ ಮ್ಯಾಲಿನ ದಾಂಡ ಹಿಡಿದು ನಿಂತಾಕಿಗೆ
ಈಗ ಬಚ್ಚಲದಾಗೂ ಒಂದು ದಾಂಡ ಬೇಕಾಗ್ಯದ.
ನಾಲ್ಕು ಸ್ಕ್ರೂ. ಅಷ್ಟೇ ಕೆಲಸ.

ಒಂದು ದೀಪಾವಳಿ ಬೋನಸ್ ಬಂದಾಗ
ಡೆಪೋದ ಹೆಣ್ಣುಮಕ್ಕಳು ಸೀರಿ ತಗೊಂಡರು,
ನಾ ಇದನ್ನ ತಗೊಂಡೆ.
ಬಾಡಿಗಿ ಮನ್ಯಾಗ ಒಂದು ಮೊಳಿಗೂ ಬೈಸಿಕೊಂಡಾಕಿ,
ಅಕ್ಕಲಕೋಟದಾಗ ಸ್ವಂತ ಎರಡು ಖೋಲಿ ಆದ ಮ್ಯಾಲ
ತೂತು ಹೊಡೀಲಿಕ್ಕೆ ಯಾರನ್ನೂ ಕೇಳಬಾರದು ಅಂತ.
ಟಿಕೀಟಿಗೆ ಪಂಚ್ ಹೊಡೆದ ಕೈ ಇದು.

ಕನ್ನಡಿ, ತೊಟ್ಟಿಲ ಕೊಂಡಿ, ಬಿರಾಜದಾರ ಮಾಸ್ತರ ಟೀವಿ,
ಹಿಂದಿನ ಓಣಿ ಮಸೂದಿಯ ಗಡಿಯಾರ,
ಕೇಳಿದವರ ಮನಿಗೆಲ್ಲಾ ಹೋಗಿ ಬಂತು.
ಹಿಡಿಕಿಯ ರಬ್ಬರು ಬೆಲ್ಲದಂಗ ಅಂಟತದ,
ಬಿಗುವಿನ ಉಂಗುರದ ಅಂಕಿ ಅಳಿಸಿ ಹೋಗ್ಯಾವ,
ಮೂರಕ್ಕ ಇಡಬೇಕೋ ನಾಲ್ಕಕ್ಕೋ
ಬೆರಳಿಗೇ ಗೊತ್ತು.

ಸೋಲಾಪುರದ ಗಾಡ್ಯಾಗ ಅದನ್ನ ಮಡಿಲಾಗ ಇಟ್ಟುಕೊಂಡು ಕೂತೆ.
ಹೊಸ ಕಂಡಕ್ಟರ್ ಹುಡುಗಿ ಬಗ್ಗಿ ನೋಡಿ,
"ಮಾವಶಿ, ಇದಕ್ಕ ಅರ್ಧ ಟಿಕೀಟು ಆಗತದ" ಅಂದು ನಕ್ಕಳು.

ಮೌಲಾಲಿ ಡಬ್ಬಿ ಬಿಚ್ಚಿದ.
ಒಳಗ ಹತ್ತು ಸೆಲ್ಲು, ಕಾಗದದ ಅಂಗಿ ಹಾಕ್ಕೊಂಡು,
ನಸುಕಿನ ಗಾಡ್ಯಾಗಿನ ಮಂದಿಯಂಗ
ಒಬ್ಬರ ಹೆಗಲಿಗೆ ಒಬ್ಬರು.
ಮೀಟರಿನ ಎರಡು ಕಡ್ಡಿ ಹಿಡಿದು ತಪಾಸಣಿಗೆ ನಿಂತ.
ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ಒಂದು.
ಏಳನೇದು ಸೊನ್ನೆ. ಒಂಬತ್ತನೇದು ಸೊನ್ನೆ.
ಯಾವ ಊರಾಗ ಇಳಿದವೋ, ಬೆಲ್ಲೂ ಹೊಡೀದೆ.

"ಈ ಡಬ್ಬಿ ಈಗ ಕಂಪನಿ ಮಾಡೂದಿಲ್ಲ.
ಎಲ್ಲಾ ಸೆಲ್ಲು ಬದಲಿ ಮಾಡಿದರ ಹದಿನೆಂಟು ನೂರು.
ಇನ್ನೊಂದು ಸಾವಿರ ಕೂಡಿಸಿದರ ಹೊಸಾದೇ ಬರತದ."
ಅನ್ನುತ್ತಲೇ ಮೋಟಾರಿಗೆ ನೇರ ಕರೆಂಟು ಮುಟ್ಟಿಸಿದ.
ತಿರುಗಿತು. ಏನೂ ಆಗೇ ಇಲ್ಲದಂಗ.
"ಮೋಟಾರು ಗಟ್ಟಿ ಅದ, ಮಾವಶಿ. ಅದೇ ತಕರಾರು."

ಮೊಣಕಾಲಿನ ಡಾಕ್ಟರನೂ ಹಿಂಗೇ ಅಂದಿದ್ದ.
ಎದಿ ಗಟ್ಟಿ ಅದ, ರಕ್ತ ಛಲೋ ಅದ,
ವಾಟಿ ಸವದದ, ಬದಲಿ ಮಾಡಿಸ್ರಿ.
ರೇಟೂ ಹೇಳಿದ್ದ.

"ವಯರ್ ಹಚ್ಚಿ ಕೊಡು" ಅಂದೆ.
ಮೌಲಾಲಿ ನನ್ನ ಮಾರಿ ನೋಡಿದ.
ಐದು ಮೀಟರ್ ದಪ್ಪ ವಯರ್,
ತುದಿಗೆ ಕೆಂಪೊಂದು ಕರಿದೊಂದು ಚಿಮುಟ,
ಇನ್ನೂರಾ ಐವತ್ತು ರೂಪಾಯಿ.
ವಯರಿಲ್ಲ ಅಂತನೇ ಅವತ್ತು
ಅಷ್ಟು ರೊಕ್ಕ ಎಣಿಸಿದ್ದೆ.

ಮಾಸ್ತರ ಸ್ಕೂಟರು ಹೊಸ್ತಿಲ ದಾಟಿ,
ಅಡಿಗಿ ಮನಿ ದಾಟಿ, ರೊಟ್ಟಿ ಬುಟ್ಟಿಗೆ ಹಾಯದೆ
ಬಚ್ಚಲ ಬಾಗಿಲ ತನಕ ಬಂತು.
ಬ್ಯಾಟರಿಗೆ ಚಿಮುಟ ಕಚ್ಚಿಸಿದರ
ವಯರ್ ಒಂದು ಗೇಣು ಕಮ್ಮಿ.
"ಬರ್ಲಿ ಮಾಸ್ತರ, ಬರ್ಲಿ, ಬರ್ಲಿ... ಹೋಲ್ಡ್!"
ಎಷ್ಟು ಡ್ರೈವರರನ್ನ ಹಿಂದಕ್ಕ ತಗೊಂಡ ದನಿ,
ಬಚ್ಚಲದಾಗ ದೊಡ್ಡದಾಗಿ ಕೇಳಿತು.
ಅವರು ಎರಡೂ ಬ್ರೇಕು ಹಿಡಕೊಂಡು ನಿಂತರು,
ಗಾಡಿ ಓಡೇ ಹೋಗತದೇನೋ ಅನ್ನಂಗ.

ಟಾವೆಲ್ ತೆಗೆದು ಮೂರನೇದು ಮುಗಿಸಿದೆ.
ಇಟ್ಟಂಗಿಯ ಕೆಂಪು ಹಿಟ್ಟು ಮಣಿಕಟ್ಟಿನ ತನಕ.
ನಾಲ್ಕನೇದು ಸ್ವಲ್ಪ ಸೊಟ್ಟ, ಒಂದು ಟೈಲ್ಸಿನ ಮೂಲಿ ಸೀಳಿತು.
ನಡೀತದ.

ಮಾಸ್ತರು ಚಹಾ ಕುಡಿದು ಹೋದರು.
ಆಮ್ಯಾಲ ಒಬ್ಬಾಕಿನೇ ಬಚ್ಚಲಕ್ಕ ಹೋಗಿ
ದಾಂಡ ಹಿಡಿದು ನಿಂತೆ,
ಕಾಲು ಸ್ವಲ್ಪ ಅಗಲ ಮಾಡಿ,
ಬ್ರೇಕ್ ಬಿದ್ದರ ಬೀಳಲಿ ಅಂತ.